ಶಿವದೇವಿಯ ಮುಷ್ಟಿಯಲ್ಲಿ ಪ್ಲಗ್

ರಾಯಚೂರು ಕಡೆಯ ಅಮರೇಶಪ್ಪ ಬಾಲಾನಗರದ ಕಾರ್ಖಾನೆಯೊಂದರಿಂದ ನಿವೃತ್ತನಾಗಿ, ಮೆಹದಿಪಟ್ಟಣಂನ ಮನೆಯಲ್ಲೇ ಗಿಟಾರಿನ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳ ರಿಪೇರಿ ಹಿಡಿದ. ಒಮ್ಮೆ ಶಾಕ್ ಹೊಡೆದು ಸ್ಟೂಲಿನಿಂದ ಉರುಳಿದ. ಅಂದೇ ಹೆಂಡತಿ ಶಿವದೇವಿ ಕಾನೂನು ಮಾಡಿದಳು: ಪ್ಲಗ್ ಕಿತ್ತು ತನ್ನ ಕೈಗೆ ಕೊಟ್ಟ ಮೇಲೆಯೇ ಪೆಟ್ಟಿಗೆ ಬಿಚ್ಚಬೇಕು, ಇಲ್ಲದಿದ್ದರೆ ರಿಪೇರಿ ಬಂದ್.

ಆರು ವರ್ಷ ಅವಳು ಪಕ್ಕದ ಕುರ್ಚಿಯಲ್ಲಿ ಪ್ಲಗ್ ಹಿಡಿದು ಕೂತು ಟೀವಿ ನೋಡಿದಳು. ಪ್ಲಗ್ ಕಿತ್ತರೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಆಳನ್ನು ಕೆಡವುವಷ್ಟು ಕರೆಂಟು ಉಳಿದಿರುತ್ತದೆಂದು ಅಮರೇಶಪ್ಪ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ರಿಪೇರಿಗೆ ಅಂದೇ ಬೀಗ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಅದಕ್ಕೆ ಎಡಗೈ ಬೆನ್ನ ಹಿಂದೆ ಇಟ್ಟು, ಬಲಗೈಯಿಂದ ರೆಸಿಸ್ಟರ್ ಕಟ್ಟಿದ ವೈರು ಸಿಕ್ಕಿಸಿ ಒಳಗೆ ಉಳಿದ ಕರೆಂಟನ್ನು ಇಳಿಸುತ್ತಿದ್ದ. ಕೈ ಯಾಕೆ ಹಿಂದಕ್ಕೆ ಎಂದರೆ ಬೆನ್ನುನೋವು ಎಂದಿದ್ದ. ವಾರಕ್ಕೊಮ್ಮೆ ಅವಳು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಆ ಮಧ್ಯಾಹ್ನ ಗಿಟಾರ್ ನುಡಿಸುವ ಕಾವ್ಯಾ ಬಂದಳು. ಸಂಜೆ ಅಬಿಡ್ಸ್‌ನಲ್ಲಿ ಕಾರ್ಯಕ್ರಮ, ಆಂಪ್ಲಿಫೈಯರ್ ಗೊರಗುಡುತ್ತಿತ್ತು. ಅಮರೇಶಪ್ಪ ಸದ್ದು ಕೇಳಿ, ಪ್ಲಗ್ ಕಿತ್ತು ಹೆಂಡತಿಗೆ ಒಪ್ಪಿಸಿ, ಪೆಟ್ಟಿಗೆ ಬಿಚ್ಚಿದ. ಅವನು ಕನ್ನಡಕ ಹುಡುಕುವಷ್ಟರಲ್ಲಿ ಕಾವ್ಯಾ ಬಾಗಿದಳು.

“ಅಂಕಲ್, ಇಲ್ಲೊಂದು ವೈರ್ ಬಿಟ್ಟೈತ್ರಿ. ಒತ್ತಲೇನ್ರಿ?”

“ಒತ್ತವ್ವ,” ಎಂದಳು ಶಿವದೇವಿ. “ಪ್ಲಗ್ ನನ್ನ ಕೈಯಾಗ ಐತಿ.”

ಬೆರಳು ಇನ್ನೂ ಗೇಣು ದೂರವಿತ್ತು.

“ಕೈ ತೆಗಿ,” ಎಂದ ಅಮರೇಶಪ್ಪ. “ಒಳಗ ಕರೆಂಟ್ ಐತಿ.”

ಶಿವದೇವಿ ಮುಷ್ಟಿ ಬಿಚ್ಚಿ ನೋಡಿದಳು. “ಮತ್ತ ಇದೇನ್ರಿ, ಬದನಿಕಾಯಿ?”

ಅವನು ಮೀಟರ್ ಹಚ್ಚಿದ. ನಾಲ್ಕುನೂರಾ ಹತ್ತು ವೋಲ್ಟ್.

“ಆರು ವರ್ಷ ಹಿಂಗ ಇತ್ತೇನ್ರಿ?”

“ಇತ್ತು.”

“ಬೆನ್ನುನೋವು?”

“ಇರಲಿಲ್ಲ.”

ಕಾವ್ಯಾ ನಗು ನುಂಗಲು ಗೋಡೆಯ ಕಡೆ ತಿರುಗಿದಳು.

“ಇವತ್ತಿಗೆ ರಿಪೇರಿ ಬಂದ್ ಅನ್ನು,” ಎಂದ ಅಮರೇಶಪ್ಪ, ಮೆಲ್ಲಗೆ.

“ಬಂದ್ ಮಾಡಿದ್ರ ಈ ಹುಡುಗಿ ಸಂಜಿ ಏನು, ತಾಟು ಬಾರಸ್ತಾಳ?” ಶಿವದೇವಿ ಮೀಟರನ್ನು ತನ್ನ ಕಡೆ ತಿರುಗಿಸಿಕೊಂಡಳು. “ಇನ್ನ ಮ್ಯಾಲ ನಾ ಸೊನ್ನಿ ಅಂದ್ರನ ನೀವು ಕೈ ಹಾಕಬೇಕು. ಇಳಸ್ರಿ.”

ಅವನು ರೆಸಿಸ್ಟರ್ ಸಿಕ್ಕಿಸಿ ಕಾದ. ಶಿವದೇವಿ ಆರಿದ ಚಹಾ ಎತ್ತಿಕೊಂಡು ಗುಟುಕುಗುಟುಕಾಗಿ ಕುಡಿದಳು.

“ಆತೇನ?”

“ನೋಡಾಕತ್ತೀನ್ರಿ.”

ಮೀಟರಿನಲ್ಲಿ ಸೊನ್ನೆ ಬಂದು ಬಹಳ ಹೊತ್ತಾಗಿತ್ತು. ಹೇಳಲು ಬಾಯಿ ತೆರೆದ ಕಾವ್ಯಾ, ಶಿವದೇವಿಯ ಮುಖ ನೋಡಿ ಮುಚ್ಚಿಕೊಂಡಳು.