ಡಬ್ಬಿಯೊಳಗಿನ ಭಂಡಾರ

ಜಮಖಂಡಿಯ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಟೇಬಲ್ ಫ್ಯಾನ್. ಫ್ಯಾನು ನನಗಲ್ಲ, ಕಂಪ್ಯೂಟರಿಗೆ. ನಮ್ಮ ಕಡೆಯ ಬಿಸಿಲಿಗೆ ಅದು ಆಗಾಗ ನಿಂತುಬಿಡುತ್ತಿತ್ತು. ಅದಕ್ಕೇ ಸಿಪಿಯು ಡಬ್ಬಿಯ ಪಕ್ಕದ ತಗಡು ಬಿಚ್ಚಿಟ್ಟು ಒಳಗೆ ಗಾಳಿ ಬಿಡುತ್ತಿದ್ದೆ.

ಬೇಸಿಗೆಯ ಕೊನೆಗೆ ಅವ್ವ ತೀರಿಕೊಂಡಳು. ಒಂದೂವರೆ ತಿಂಗಳು ಅಂಗಡಿಯ ಬಾಗಿಲು ತೆರೆಯಲಿಲ್ಲ. ಮಳೆ ಹಿಡಿದ ಮೇಲೆ ಬಂದು ಕಂಪ್ಯೂಟರ್ ಚಾಲೂ ಮಾಡಿದರೆ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಹಾರ್ಡ್ ಡಿಸ್ಕ್ ಇಲ್ಲ. ಇಲ್ಲ ಅಂದರೇನು? ಕಣ್ಣೆದುರೇ ಸ್ಕ್ರೂ ಹಾಕಿಸಿಕೊಂಡು ಕೂತಿದೆ! ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ವಾಯರು ಅಲುಗಾಡಿಸಿದೆ, ಸಿಟ್ಟು ನೆತ್ತಿಗೇರಿ ಡಬ್ಬಿಗೆ ಎರಡು ಬಾರಿಸಿದೆ. ಜಪ್ಪಯ್ಯ ಅಂದರೂ ಅದರದು ಅದೇ ಮಾತು.

ವಕೀಲರ ಕಾಗದ, ಲಗ್ನಪತ್ರಿಕೆ ಹೋದರೆ ಮತ್ತೆ ಟೈಪ್ ಮಾಡಬಹುದಿತ್ತು. ಆ ಡಿಸ್ಕಿನೊಳಗೆ ಅವ್ವನ ಹಾಡಿತ್ತು. ಒಂದು ಮಧ್ಯಾಹ್ನ ನಮ್ಮೂರು ಸಾವಳಗಿಯಿಂದ ಬುತ್ತಿ ಕಟ್ಟಿಕೊಂಡು ಬಂದವಳ ಬಾಯಿ ಮುಂದೆ ಮೈಕ್ ಹಿಡಿದು, ಬೀಸುವಾಗಿನ ಹಾಡು ಹೇಳು ಎಂದಿದ್ದೆ.

"ಬೀಸೋ ಕಲ್ಲ ಇಲ್ಲದ ಹಾಡ ಹೆಂಗ ಬರತೈತೋ?" ಎಂದು ನಕ್ಕು, ಖಾಲಿ ಕೈಯನ್ನೇ ತಿರುಗಿಸುತ್ತ ಹಾಡಿದ್ದಳು. ಆಮೇಲೆ ಒಮ್ಮೆಯೂ ನಾನದನ್ನು ಕೇಳಿರಲಿಲ್ಲ. ಇದೆಯಲ್ಲ, ಎಲ್ಲಿ ಹೋಗುತ್ತದೆ ಎಂಬ ಧೈರ್ಯ. ಅವಳ ವಿಷಯದಲ್ಲೂ ನನಗೆ ಅದೇ ಧೈರ್ಯವಿತ್ತು. ಈಗ ಆ ದನಿ ಒಂದು ಸಲ ಕೇಳಿದರೆ ಸಾಕೆಂದು ಜೀವ ಹಪಹಪಿಸುತ್ತಿತ್ತು.

ಡಬ್ಬಿ ಹೊತ್ತು ಮುಧೋಳದ ಬಸ್ಸು ಹತ್ತಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಲ್ಲೊಬ್ಬರು ಕಂಪ್ಯೂಟರ್ ರಿಪೇರಿ ಮಾಡುವವರಿದ್ದರು. ದಾರಿಯುದ್ದಕ್ಕೂ ಹಾಡು ನೆನಪಿಸಿಕೊಳ್ಳಲು ನೋಡಿದೆ. ಧಾಟಿ ಬಂತು, ಮಾತು ಬರಲಿಲ್ಲ. ಅವ್ವನ ದನಿಯಂತೂ ಬರಲೇ ಇಲ್ಲ. ಹುಟ್ಟಿದಾಗಿನಿಂದ ಕೇಳಿದ ದನಿ ಒಂದೂವರೆ ತಿಂಗಳಲ್ಲಿ ಹೀಗೆ ಕೈಕೊಡಬೇಕೆ?

ರಿಪೇರಿಯವರು ಡಿಸ್ಕಿಗೆ ಹೋಗುವ ಅಗಲ ಪಟ್ಟಿಯ ವಾಯರ್ ಕಿತ್ತು ಬೆಳಕಿಗೆ ಹಿಡಿದರು.

"ಏನ್ರೀ ಇದು, ಒಳಗೆಲ್ಲಾ ಹಳದಿ ಐತಿ? ಭಂಡಾರ ಏನ್ರಿ?"

ಭಂಡಾರವೇ. ನಮ್ಮ ಮನೆದೇವರು ಬೀರೇಶ್ವರನ ಅರಿಷಿಣ. ಹಿಂದಿನ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಅವ್ವ ಅಂಗಡಿಗೆ ಬಂದು ಪ್ರಿಂಟರಿಗೊಂದು ಚಿಟಿಕೆ, ಫ್ಯಾನಿಗೊಂದು ಚಿಟಿಕೆ ಹಾಕಿ, ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಇದೇ ಎಂದು ತೆರೆದ ಡಬ್ಬಿಯೊಳಗೆ ಹಿಡಿ ತುಂಬ ತೂರಿದ್ದಳು. ನಾನು ಸಿಡಿಮಿಡಿಗೊಂಡು ಊದಿ ತೆಗೆದಿದ್ದೆ. ಎಲ್ಲ ಹೋಗಿರಲಿಲ್ಲ. ಉಳಿದದ್ದು ಮಳೆಯ ತೇವಕ್ಕೆ ವಾಯರಿನ ತುದಿಯ ತೂತುಗಳಲ್ಲಿ ಅಂಟಿಕೊಂಡಿತ್ತು.

"ನಮ್ಮವ್ವ ಹಾಕಿದ್ದರಿ. ಆಕಿ ಈಗ ಇಲ್ಲರಿ."

ಅವರು ಮೇಜಿನ ಮೇಲೊಂದು ಕಾಗದ ಹಾಸಿದರು. "ತಗೀಲೇ ಬೇಕ್ರಿ," ಎಂದು ಬ್ರಷ್ ಆಡಿಸಿ, ಉದುರಿದ್ದನ್ನು ಕಾಗದದ ಮೇಲೆ ಹಿಡಿದು, ಮೊದಲು ತಮ್ಮ ಹಣೆಗೆ ಹಚ್ಚಿಕೊಂಡು ನನ್ನತ್ತ ಚಾಚಿದರು. ನಾನೂ ಹಚ್ಚಿಕೊಂಡೆ. ಆಮೇಲೆ ಹೊಸ ವಾಯರ್ ಹಾಕಿದರು.

"ಭಂಡಾರದಿಂದ ಆಗಿತ್ತೋ, ವಾಯರ್ ಕೆಟ್ಟಿತ್ತೋ, ಆ ದೇವರಿಗೇ ಗೊತ್ತರಿ."

ಈ ಸಲ ಕಂಪ್ಯೂಟರ್ ಡಿಸ್ಕನ್ನು ಗುರುತು ಹಿಡಿಯಿತು. ಹಾಡಿನ ಫೈಲೂ ಇತ್ತು. ಜಮಖಂಡಿಗೆ ಮರಳುವವರೆಗೆ ತಡೆಯಲಾರದೆ ಅವರ ಸ್ಪೀಕರಿನಲ್ಲೇ ಹಾಕಿಸಿದೆ. ಅವ್ವನ ನಗು, ಬಳೆಗಳ ಸದ್ದು, ಹಾಡಿನ ಮೊದಲ ನುಡಿ. ಎರಡನೆಯದಕ್ಕೆ ಅವಳು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ನನ್ನ ದನಿ:

"ಸಾಕ ಬಿಡಬೇ, ವಕೀಲರು ಬರ್ತಾರ. ಉಳಿದದ್ದ ಆಮ್ಯಾಲ ಹಾಡುವಂತಿ."

"ಆತ ಬಿಡಪಾ," ಎಂದಳು ಅವ್ವ. ಅಲ್ಲಿಗೆ ಫೈಲ್ ಮುಗಿದಿತ್ತು.