ಬಾಣಂತಿ ಕೋಣೆಗೊಂದು ಕಿಟಕಿ

ಹೊಸ ಮನೆಗೆ ಕಿಟಕಿ ಎಲ್ಲೆಲ್ಲಿ ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಲಿ ಎಂದು ನಾನೂ ಕಾಯಲಿಲ್ಲ. ಅರವತ್ತರ ದಶಕದ ಶುರುವಿನ ಮಾತು. ಶಿರಾ ಸೀಮೆಯ ನಮ್ಮೂರಿನಲ್ಲಿ ಮನೆ ಎಂದರೆ ದಪ್ಪ ಮಣ್ಣಿನ ಗೋಡೆ, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ಮಾಳಿಗೆಯಲ್ಲೊಂದು ಬೆಳಕಿಂಡಿ. ಕಿಟಕಿ ಇಡುವುದೆಂದರೆ ಕಳ್ಳನಿಗೆ ದಾರಿ ತೋರಿಸಿದಂತೆ. ಅದರಲ್ಲೂ ಬಾಣಂತಿ ಕೋಣೆಗೆ ಕಿಟಕಿಯೇ? ಶಿವ ಶಿವಾ, ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಲ್ಲೇ.

ನನಗೆ ತಾಯಿ ಇರಲಿಲ್ಲ. ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹಳೇ ಮನೆಯ ಕತ್ತಲೆ ಕೋಣೆ, ಬಾಗಿಲ ಸಂದಿಗೂ ಹಳೇ ಸೀರೆ ತುರುಕಿದ್ದರು. ಒಳಗೆ ಕೆಂಡದ ಕುಂಡ, ಸಾಂಬ್ರಾಣಿ ಹೊಗೆ, ಮೂಲೆಯಲ್ಲೊಂದು ಹರಳೆಣ್ಣೆ ದೀಪ. ಮಗಳು ಹುಟ್ಟಿದಳು. ಅವಳ ಮೂಗು ಹೇಗಿತ್ತು, ಹುಬ್ಬು ಹೇಗಿತ್ತು ಎಂದು ಕೈಯಿಂದ ಸವರಿ ತಿಳಿದೆನೇ ಹೊರತು ಕಣ್ಣಾರೆ ಕಾಣಲಿಲ್ಲ. ತೊಟ್ಟಿಲಿಗೆ ಹಾಕುವ ಮೊದಲೇ ಹಾಲು ಕುಡಿಯುವುದು ಬಿಟ್ಟಳು, ತಣ್ಣಗಾದಳು. ಬಟ್ಟೆ ಸುತ್ತಿ ಒಯ್ದರು. ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ಗಾಳಿ ಸೋಕ್ತು ಕಣಮ್ಮ. ಸೆಕೆ ಅಂತ ಬಾಗ್ಲು ತಗದ್ಯಲ್ಲ, ಆವತ್ತೇ ಸೋಕ್ತು" ಎಂದರು ಅತ್ತೆ. ಮಗು ಹೋಯಿತು, ಅಪವಾದ ನನ್ನ ತಲೆಗೆ ಬಂತು. ಅವತ್ತು ನನಗೆ ಅಳುವಿಗಿಂತ ಹೆಚ್ಚು ಸಿಟ್ಟು ಬಂದಿತ್ತು. ಈಗಲೂ ಇದೆ.

ಎರಡನೆಯದು ಹೊಟ್ಟೆಯಲ್ಲಿದ್ದಾಗ ಹೊಸ ಮನೆಯ ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು. ಈ ಮಗುವನ್ನು ನಾನು ಬೆಳಕಿನಲ್ಲಿ ಸಾಕುತ್ತೇನೆ, ಯಾರು ಅಡ್ಡ ಬಂದರೂ ಸರಿ ಎಂದುಕೊಂಡೆ. ನನ್ನ ಗಂಡ ಕಡಲೆಕಾಯಿ ವ್ಯಾಪಾರಿ. ಸಂತೆಯಲ್ಲಿ ಹುಲಿ, ತಾಯಿಯ ಮುಂದೆ ಬೆಕ್ಕು. ಅವರು ಮರ ಆರಿಸಲು ಶಿರಾಕ್ಕೆ ಹೊರಟಾಗ ನಾನೂ ಗಾಡಿ ಹತ್ತಿದೆ.

"ಬಸುರಿ ಹೆಂಗ್ಸು ಮರದ ಅಂಗ್ಡಿಗೆ ಯಾತಕ್ಕೆ?" ಎಂದರು ಅತ್ತೆ.

"ಮರ ಏನ್ ಕಚ್ಚುತ್ತಾ?" ಎಂದೆ.

ಶಿರಾದಲ್ಲಿ ಬಡಗಿ ಸಾಬರು ದಿಮ್ಮಿಗಳನ್ನು ತೋರಿಸಿದರು. ನನ್ನ ಗಂಡ ಬಾಗಿಲಿಗೆಲ್ಲ ಹೊನ್ನೆ ಮರ ಒಪ್ಪಿಕೊಂಡರು. ಒಂದು ಕಿಟಕಿಯೂ ಬೇಕು ಎಂದೆ ನಾನು. ಅವರು, "ಕಿಟ್ಕಿಗೇನು, ಮಾವಿಂದು ಸಾಕು ಬುಡಿ" ಎಂದರು. ಮಾವು ಎರಡು ಮಳೆಗೆ ಉಬ್ಬುತ್ತದೆ, ಆಮೇಲೆ ಹುಳುವಿನ ಪಾಲು. ಉಬ್ಬಿದ ಕಿಟಕಿ ತೆರೆಯುವುದಿಲ್ಲ. ತೆರೆಯದ ಕಿಟಕಿ ಇದ್ದರೆಷ್ಟು, ಬಿಟ್ಟರೆಷ್ಟು? "ಬಾಗ್ಲಿಗೆ ಹಾಕಿದ ಮರಾನೇ ಕಿಟ್ಕಿಗೂ ಹಾಕಿ. ಕಬ್ಬಿಣದ ಸರಳು ಹೆಬ್ಬೆರಳು ದಪ್ಪ ಇರಲಿ. ಮೇಲೆರಡು ಬಾಗ್ಲು, ಕೆಳಗೆರಡು. ಮಂಚದ ಮೇಲೆ ಮಲಗಿರೋ ಮಗೂ ಮಕಕ್ಕೆ ಬೆಳಕು ಬೀಳಬೇಕು" ಎಂದೆ.

ಸಾಬರು ಉಳಿ ಕೆಳಗಿಟ್ಟು, "ಯಾ ಅಲ್ಲಾ! ಬಾಣಂತಿ ರೂಮಿಗಾ? ನಿಮ್ ಅತ್ತೆಮ್ಮ ಈ ಉಳಿನೇ ತಗೊಂಡು ನನ್ನ ಹೊಡೀತಾರಮ್ಮ" ಎಂದರು.

"ಹೊಡೆದ್ರೆ ನನ್ನ ಹೊಡೀಲಿ. ನೀವು ಮಾಡಿ."

ಮಾಡಿದರು. ಗಾಡಿಯಿಂದ ಚೌಕಟ್ಟು ಇಳಿಸುವಾಗಲೇ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಬಾಣಂತಿ ಕ್ವಾಣೆಗೆ ಕಿಟ್ಕಿ ಇಕ್ಕುದ್ರೆ ನಾನು ಈ ಮನೆ ಒಳಕ್ಕೆ ಕಾಲು ಇಕ್ಕಲ್ಲ!" ನನ್ನ ಗಂಡ ನೆಲ ನೋಡುತ್ತ, "ಅವ್ವ ಹೇಳ್ದಂಗೇ ಆಗ್ಲಿ ಬುಡು" ಎಂದರು. ನನ್ನ ಕಿಟಕಿ ಗೋಡೆಗೆ ಒರಗಿ ಅಲ್ಲೇ ನಿಂತಿತು. ಇನ್ನು ಇವರ ಹತ್ತಿರ ಮಾತಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಸುಮ್ಮನಾದೆ. ಸುಮ್ಮನಾದೆ ಅಷ್ಟೇ, ಬಿಟ್ಟುಕೊಡಲಿಲ್ಲ.

ನಮ್ಮ ಕಡೆ ಚೌಕಟ್ಟು ನಿಲ್ಲಿಸುವ ದಿನ ಮರಕ್ಕೆ ಪೂಜೆ. ಮನೆಯ ಹಿರಿಯ ಮುತ್ತೈದೆ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಬೇಕು. ಒಮ್ಮೆ ಪೂಜೆಯಾದ ಮರ ಅವತ್ತೇ ಗೋಡೆ ಸೇರಬೇಕು. ಮೂಲೆಗೆ ಬಿದ್ದರೆ ಮನೆಗೆ ಆಗಿಬರುವುದಿಲ್ಲ. ಅಂದು ರಾಹುಕಾಲ ಬರುತ್ತಿದೆ ಎಂದು ಪುರೋಹಿತರು ಅವಸರ ಮಾಡಿದರು. ಅತ್ತೆ ಗಡಿಬಿಡಿಯಲ್ಲಿ ಸಾಲಾಗಿ ಒರಗಿಸಿದ್ದ ಮರಕ್ಕೆಲ್ಲ ಅರಿಸಿನ ಬಳಿಯುತ್ತ ಹೋದರು. ಸಾಲಿನ ಕೊನೆಯಲ್ಲಿದ್ದ ನನ್ನ ಕಿಟಕಿಗೂ ಬಳಿದರು. ನಾನು ತುಟಿ ಬಿಚ್ಚಲಿಲ್ಲ. ಆರತಿ ಎತ್ತಿದರು, ಕಾಯಿ ಒಡೆದದ್ದೂ ಆಯಿತು. ಗಾಳಿ ಬಂದಾಗ ತೂರಿಕೊಳ್ಳದಿದ್ದರೆ ನಾನೂ ಒಕ್ಕಲು ಮನೆಯ ಮಗಳೇ?

"ಅತ್ತೆ, ಇದಕ್ಕೂ ಪೂಜೆ ಆಯ್ತು. ಎಲ್ಲಿ ನಿಲ್ಲಿಸಾಣ?"

ಅವರು ತಿರುಗಿ ನೋಡಿ, "ಅಯ್ಯೋ, ನಿನ್ ಮನೆ ಹಾಳಾಗ!" ಎಂದರು.

"ಹಾಳಾಗ್ಬಾರ್ದು ಅಂತಾನೇ ಕೇಳ್ತಿರೋದು."

"ಕೊಟ್ಟಿಗೆಗೆ ಇಕ್ಕು" ಎಂದರು. ಕೊಟ್ಟಿಗೆಗೆ ಇನ್ನೂ ಪಾಯವೇ ತೋಡಿರಲಿಲ್ಲ. ನಡುಮನೆಗೆ ಎಂದರೆ ಎರಡು ಪಕ್ಕವೂ ದಾಯಾದಿಗಳ ಗೋಡೆ. ಬಯಲಿನ ಕಡೆಗಿದ್ದದ್ದು ಬಾಣಂತಿ ಕೋಣೆಯ ಗೋಡೆ ಒಂದೇ. ಪುರೋಹಿತರು ಹೊತ್ತು ನೋಡಿದರು, ನನ್ನ ಗಂಡ ತಾಯಿಯ ಮುಖ ನೋಡಿದರು. ಕಿಟಕಿ ಅಲ್ಲಿಗೇ ಹೋಯಿತು.

ಕಾಲು ಇಕ್ಕಲ್ಲ ಎಂದಿದ್ದ ಅತ್ತೆ ಹೊಸ ಮನೆಗೆ ಬಂದರು, ಹಾಗೆಂದು ಸೋತರೆಂದಲ್ಲ. ಹೆರಿಗೆಯಾದ ದಿನವೇ ಕಿಟಕಿಗೆ ಗೋಣಿತಾಟು ತುರುಕಿದರು. ಮತ್ತೆ ಹೆಣ್ಣುಮಗು. ಅವರು ಸಂಜೆ ತುರುಕುವುದು, ನಾನು ಬೆಳಿಗ್ಗೆ ಕಿತ್ತೆಸೆಯುವುದು. "ಸಾಯ್ತೀಯ ಕಣೇ ಸನ್ನಿ ಬಂದು!" ಎಂದು ಅವರು, "ಬೆಳಕಲ್ಲೇ ಸಾಯ್ತೀನಿ ಬುಡಿ" ಎಂದು ನಾನು.

ಹಾಗೆ ಒಂದು ಬೆಳಿಗ್ಗೆ ಮಗುವನ್ನು ಬಿಸಿಲಿಗೆ ಹಿಡಿದಾಗ ಅದು ಕಣ್ಣು ಬಿಟ್ಟಿತು. ಬೆಳ್ಳಗಿರಬೇಕಾದ ಕಣ್ಣು ಅರಿಸಿನದ ಹಾಗಿತ್ತು. "ಅತ್ತೇ!" ಎಂದು ಕೂಗಿದೆ. ಬೈಯುತ್ತಲೇ ಬಂದವರು ಬಗ್ಗಿ ನೋಡಿದರು. ಬೈಗುಳ ನಿಂತಿತು. ತಾವೇ ಬೀದಿಗೆ ಓಡಿ, "ಗಾಡಿ ಕಟ್ಟೋ!" ಎಂದು ಮಗನನ್ನು ಕರೆದರು.

ಶಿರಾದ ಆಸ್ಪತ್ರೆಯಲ್ಲಿ ಡಾಕ್ಟರು, ಇದು ಕಾಮಾಲೆ, ಇನ್ನೂ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು. ಅಲ್ಲೇ ಇಟ್ಟುಕೊಂಡು ನೋಡಿದರು. ಮಗು ಉಳಿಯಿತು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕಿಟಕಿಯನ್ನು ಅತ್ತೆಯೇ ತೆರೆದರು. ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಬಿಸಿಲಿಗೆ ಕೂತು, ಅದರ ಕಣ್ಣನ್ನೇ ನೋಡುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಆ ಮೊದಲ್ನೇ ಮಗೀನ ಕಣ್ಣೂ ಇಂಗೇ ಅರಿಸಿನ ಆಗಿದ್ವೇನಮ್ಮ?"

ಒಂದು ಸಮಾಧಾನದ ಮಾತು ಹೇಳಬಹುದಿತ್ತು. ನನಗೆ ಬರಲಿಲ್ಲ.

"ನಂಗೆ ಹೆಂಗೆ ಗೊತ್ತಾಗ್ಬೇಕು ಅತ್ತೆ?" ಎಂದೆ. "ನಾನು ಅವಳನ್ನ ನೋಡೇ ಇಲ್ಲವಲ್ಲ."