ಪ್ಲಗ್ಗಿನ ಮುಖ ನೋಡಿದ ಭಾನುವಾರ

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ, ಕಾರಿನ ಹಳೆಯ ಸ್ಪಾರ್ಕ್ ಪ್ಲಗ್ಗೊಂದು ನಿಂತಿದೆ. ಇದೇಕೆ ಇಲ್ಲಿ ಎಂದು ಬಂದವರು ಕೇಳಿದರೆ ನನ್ನ ಹೆಂಡತಿ ಶಾರದಾ ಸುಮ್ಮನೆ ನನ್ನ ಕಡೆ ನೋಡುತ್ತಾಳೆ. ಕತೆ ಹೇಳಬೇಕಾದವನು ನಾನೇ ಎಂಬುದು ನಮ್ಮಿಬ್ಬರ ಒಪ್ಪಂದ. ನಿಮಗೂ ಹೇಳಿಬಿಡುತ್ತೇನೆ.

ಧನಕವಡಿಯ ಈ ಮನೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಐವತ್ತು ದಾಟಿದ ಶಾರದಾ ಕಾರು ಕಲಿತಳು. ಕೊಂಢವಾದಲ್ಲಿರುವ ತಂಗಿಯ ಮನೆಗೆ ಯಾರ ಹಂಗೂ ಇಲ್ಲದೆ ಹೋಗಿಬರಬೇಕೆಂಬುದು ಅವಳ ಆಸೆ. ಕೆಲವು ತಿಂಗಳು ಚೆನ್ನಾಗಿಯೇ ಓಡಿಸಿದಳು. ದಸರೆಯ ಮಾರನೆಯ ವಾರ ಕಾತ್ರಜದ ಏರಿನಲ್ಲಿ ಕಾರು ಕೆಮ್ಮಿತು, ಜಗ್ಗಿತು, ನಿಂತಿತು. ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿರುವಾಗ ಪಕ್ಕದಲ್ಲಿ ಕುಳಿತ ನಾನು ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪಿತ್ತೆ: "ಕ್ಲಚ್ ಜಲ್ದಿ ಬಿಡ್ತಿ ನೋಡು, ಅದಕ್ಕ ಹಿಂಗ ಆಗ್ತದ." ಮೂರನೆಯ ಸಲ ಹೀಗಾದಾಗ ಅವಳು ಮನೆಗೆ ಬಂದು ಕೀಲಿಯನ್ನು ಮೊಳೆಗೆ ಹಾಕಿ, "ಇದು ನನ್ನ ಕೈಲೆ ಆಗೂದಲ್ರಿ" ಎಂದಳು. ಆಮೇಲೆ ಅದನ್ನು ಮುಟ್ಟಲಿಲ್ಲ.

ಸ್ಕೂಟರಿನಲ್ಲಿ ಓಡಾಡುವ ನಾನು ಬಹಳ ದಿನಗಳ ಮೇಲೆ ಕಾರು ತೆಗೆದರೆ ಅದು ನನ್ನ ಕೈಯಲ್ಲೂ ಹಾಗೆಯೇ ಕೆಮ್ಮಿತು. ಈ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಬಿಡಿಭಾಗಗಳ ಅಂಗಡಿಯ ಬಸಣ್ಣ, ಇಂಡಿ ತಾಲ್ಲೂಕಿನ ಕಡೆಯವನು, ಕಾರಿನ ಕೆಮ್ಮಿನ ವಿಷಯ ಕೇಳಿ ನಾಲ್ಕು ಹೊಸ ಪ್ಲಗ್ ಕೊಡುತ್ತ, "ಹಳೇವು ಒಗೀಬ್ಯಾಡ್ರಿ, ಅವುಗಳ ಮಾರಿ ನೋಡ್ರಿ. ಪ್ಲಗ್ ಸುಳ್ಳ ಹೇಳಂಗಿಲ್ಲ" ಎಂದ. ಆ ಮಾತೇ ನನ್ನ ಕುತೂಹಲ ಕೆರಳಿಸಿತು.

ಭಾನುವಾರ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನಿನ ಮುಂದೆ ಪ್ಲಗ್ ಬಿಚ್ಚುವ ಪಾನಾ ಹಿಡಿದು ನಿಂತೆ. ರಬ್ಬರ್ ಟೋಪಿ ತೆಗೆದು, ಧೂಳು ಊದಿ, ಒಂದೊಂದನ್ನೇ ತಿರುಗಿಸಿ ಹೊರತೆಗೆಯುವಾಗ ನನಗೆ ಸೋಜಿಗವೆನಿಸಿತು. ನಾವು ಮೇಲೆ ಕುಳಿತು ಬದನೆಕಾಯಿಯ ವಿಚಾರ ಮಾತಾಡುತ್ತಿರುವಾಗ, ಕೆಳಗೆ ಈ ಹೆಬ್ಬೆರಳಿನ ಗಾತ್ರದ ಜೀವಗಳು ಕತ್ತಲಲ್ಲಿ ಕುಳಿತು ಎಷ್ಟು ಸಾವಿರ ಸಲ ಕಿಡಿ ಕಾರಿರಬೇಕು, ಒಮ್ಮೆಯಾದರೂ ನಾವು ಅವುಗಳ ಮುಖ ನೋಡಿದ್ದುಂಟೆ? ಮೂರರ ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಒಂದರದು ಮಾತ್ರ ಕಪ್ಪಗೆ ಒದ್ದೆಯಾಗಿತ್ತು. ಅದರ ಬಿಳಿ ಪಿಂಗಾಣಿಯ ಮೈಮೇಲೆ ಒಂದು ಕೆಂಪು ಬೊಟ್ಟು, ಬೊಟ್ಟಿನಿಂದ ಕೆಳಗಿಳಿದ ಸುಟ್ಟ ಗೆರೆ.

ಆ ಬೊಟ್ಟು ನನ್ನ ಬೆರಳಿನದೇ. ದಸರೆಯ ಹಿಂದಿನ ದಿನ, ಖಂಡೇನವಮಿಗೆ, ನಮ್ಮಲ್ಲಿ ಈಳಿಗೆ, ಕತ್ತರಿಯಿಂದ ಹಿಡಿದು ಗಾಡಿಯವರೆಗೆ ಎಲ್ಲಕ್ಕೂ ಕುಂಕುಮ ಹಚ್ಚುತ್ತೇವೆ. ಬಾನೆಟ್ಟಿಗೆ ಹಚ್ಚಿದ್ದರೆ ಸಾಕಿತ್ತು; ನಾನು ಅತಿಜಾಣ, ಬೆಂಕಿ ಹುಟ್ಟುವ ಜಾಗಕ್ಕೇ ಪೂಜೆ ಸಲ್ಲಲಿ ಎಂದು ಟೋಪಿ ಕಿತ್ತು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಂದು ಪ್ಲಗ್ಗಿಗೇ ಇಟ್ಟಿದ್ದೆ. ತುದಿಗೆ ಹೋಗಬೇಕಾದ ವಿದ್ಯುತ್ತು ನಾನು ಹಾಕಿಕೊಟ್ಟ ಆ ದಾರಿಯಲ್ಲೇ ಸೋರಿಹೋಗಿತ್ತು; ಕಿಡಿ ತಪ್ಪಿದಾಗೆಲ್ಲ ಪೆಟ್ರೋಲು ಉರಿಯದೆ ಕಾರು ಕೆಮ್ಮುತ್ತಿತ್ತು.

ಹೊಸ ನಾಲ್ಕನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಪಾನಾದಿಂದ ಹದವಾಗಿ ಬಿಗಿದೆ. ಎಂಜಿನ್ ಎಲ್ಲೂ ತಡವರಿಸದೆ ಗುನುಗಿತು. ನನ್ನ ಕೈಯಲ್ಲಿ ಪೆಟ್ರೋಲಿನ ಬಟ್ಟೆಯಿತ್ತು. ಬೊಟ್ಟು ಒರೆಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒರೆಸುವ ಮನಸ್ಸೂ ಆಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಒರೆಸಿದರೆ ಶಾರದಾ ಜೀವನವಿಡೀ ತನ್ನ ಕಾಲನ್ನೇ ದೂರುತ್ತಿದ್ದಳು. ಬೊಟ್ಟು ಒರೆಸದೆಯೇ ಆ ಪ್ಲಗ್ ಹಿಡಿದು ಮೆಟ್ಟಿಲು ಹತ್ತುವಾಗ ನನಗೆ ತುಂಬ ನಾಚಿಕೆಯಾಗಿತ್ತು.

ರೊಟ್ಟಿ ಬಡಿಯುತ್ತಿದ್ದವಳು ಎಲ್ಲ ಕೇಳಿ, ಪ್ಲಗ್ಗನ್ನು ಹಿಟ್ಟಿನ ಕೈಯಲ್ಲೇ ತಿರುಗಿಸಿ ನೋಡಿದಳು.

"ಆರು ತಿಂಗಳಾತ್ರಿ ನಾ ಕಾರ್ ಮುಟ್ಟಿ."

"ಗೊತ್ತದ. ತಪ್ಪು ನಂದು."

ಅವಳು ಕೈ ತೊಳೆದು ಮೊಳೆಯಿಂದ ಕೀಲಿ ತೆಗೆದುಕೊಂಡಳು. ನಾನೂ ಹೊರಟೆ. "ನೀವು ಬಾಜೂಕ ಕುಂಡ್ರೂದು ಬ್ಯಾಡ. ಉಳಿದ ರೊಟ್ಟಿ ಬಡೀರಿ" ಎಂದಳು. ಕಿಟಕಿಯಲ್ಲಿ ನಿಂತು ಕಿವಿಗೊಟ್ಟೆ. ಕಾರು ಕೆಮ್ಮದೆ ತಿರುವು ದಾಟಿತು. ನನ್ನ ರೊಟ್ಟಿಗಳು ಹರಿದವು.

ಈ ಸಲದ ಖಂಡೇನವಮಿಗೆ ಕುಂಕುಮದ ಬಟ್ಟಲು ಅವಳ ಕೈಯಲ್ಲೇ ಇತ್ತು. ಸ್ಟೀರಿಂಗಿಗೆ ಹಚ್ಚಿ ಬಂದವಳು ಕಿಟಕಿಯ ಕಟ್ಟೆಯ ಈ ಹಳೆಯ ಪ್ಲಗ್ಗಿಗೂ ಒಂದು ಬೊಟ್ಟಿಟ್ಟಳು. ಇನ್ನು ಇದಕ್ಕೇಕೆ ಪೂಜೆ ಎಂದು ಕೇಳಿದೆ.

"ಈ ಮನ್ಯಾಗ ನನ್ನ ಪರ ಮೊದಲ ಮಾತಾಡಿದ್ದು ಇದಽ ಅಲ್ಲೇನ್ರಿ" ಎಂದಳು.